ಸರ್ಕಾರಕ್ಕೆ ಹೇಳುವ ರೇಟು

ಅಂಗಡಿಯ ಮೆಟ್ಟಿಲು ಹತ್ತಿದವರನ್ನು ವ್ಯಾಪಾರಿ ಮೊದಲು ಕಣ್ಣಲ್ಲೇ ತೂಗುತ್ತಾನೆ, ತಕ್ಕಡಿ ಆಮೇಲೆ. ಭಾನುಮತಿಯವರ ತೂಕ ಹೀಗೆ ಬಂತು: ವಯಸ್ಸು ನಲವತ್ತಾರರ ಆಸುಪಾಸು. ಎತ್ತರ ಐದಡಿಗೆ ಒಂದಿಂಚು ಕಮ್ಮಿ. ನೂಲಿನ ಸೀರೆ, ನೀರು ಕಂಡದ್ದು ಹೆಚ್ಚು, ಇಸ್ತ್ರಿ ಕಂಡದ್ದು ಕಡಿಮೆ. ಕಾಲಿಗೆ ಕಪ್ಪು ಕ್ಯಾನ್ವಾಸ್ ಶೂ, ಹೆಗಲಿಗೆ ಒಂದು ಚೀಲ. ಅದರಲ್ಲಿ ನೀರಿನ ಬಾಟಲಿ, ಕೊಡೆ, ಟ್ಯಾಬ್ಲೆಟ್ಟು, ದರ್ಜಿಗಳ ಟೇಪು. ಮಾಲು ಗಟ್ಟಿ, ಪ್ಯಾಕಿಂಗ್ ಸಾಧಾರಣ. ಗಿರಾಕಿ ಅಂತ ಬೆಲೆ ಕಟ್ಟಿದರೆ ಸೊನ್ನೆ. ಇಪ್ಪತ್ತು ಪದಾರ್ಥದ ರೇಟು ಕೇಳಿ, ಒಂದನ್ನೂ ಕೊಳ್ಳದೆ, ಥ್ಯಾಂಕ್ಸ್ ಹೇಳಿ ಇಳಿದುಹೋಗುವವರನ್ನು ಯಾವ ವ್ಯಾಪಾರಿ ತಾನೆ ಒಂದನೇ ದರ್ಜೆಗೆ ಸೇರಿಸುತ್ತಾನೆ?

ಲಷ್ಕರ್ ಮೊಹಲ್ಲಾದ ನಮ್ಮ ಬೀದಿಗೆ ಅವರು ಮೊದಲು ಬಂದದ್ದು ಹೋದ ವರ್ಷ. ಒಂದು ಕಡೆ ಬಟ್ಟೆ ಅಂಗಡಿಗಳ ಸಾಲು, ಎದುರಿಗೆ ವೃಷಭೇಂದ್ರಪ್ಪನವರ ದಿನಸಿ ಅಂಗಡಿ, ಅದರ ಜಗಲಿಗೆ ಒತ್ತಿಕೊಂಡು ಪುಟ್ಟಮಾದಮ್ಮನ ಹೂವಿನ ಬುಟ್ಟಿ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್ಲೆಟ್ಟು ಕಂಡೊಡನೆ ಬೀದಿಯ ಬೆನ್ನು ನೆಟ್ಟಗಾಯಿತು. ಒಬ್ಬರು ನಿಷೇಧವಾದ ಪ್ಲಾಸ್ಟಿಕ್ ಕವರುಗಳ ಮೇಲೆ ಕೂತರು. ಇನ್ನೊಬ್ಬರಿಗೆ ತಕ್ಷಣ ಊಟದ ಹೊತ್ತಾಯಿತು, ಗಂಟೆ ಹನ್ನೊಂದು.

ವೃಷಭೇಂದ್ರಪ್ಪನವರು ಎದ್ದು ಹೋಗುವ ಜಾತಿಯಲ್ಲ. ಮೂರು ತಲೆಮಾರಿನ ದಿನಸಿ ವ್ಯಾಪಾರ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ತೂಕದಲ್ಲಿ ಕೂದಲೆಳೆಯ ವ್ಯತ್ಯಾಸ ಬಂದರೂ ನಿದ್ದೆ ಬಾರದವರು. ಆದರೆ ಅವರ ತಂದೆಯ ಕಾಲದಲ್ಲಿ ಬೇಳೆ ದಾಸ್ತಾನು ಎಣಿಸಲು ಬಂದ ಅಧಿಕಾರಿಗಳು ಮೂರು ದಿನ ಅಂಗಡಿ ಮುಚ್ಚಿಸಿದ್ದರು. ಅಂದಿನಿಂದ ಆ ಮನೆತನಕ್ಕೆ ಒಂದು ಸೂತ್ರ: ಗಿರಾಕಿಗೆ ಒಂದು ರೇಟು, ಸರ್ಕಾರಕ್ಕೆ ಒಂದು ರೇಟು. ಸರ್ಕಾರದ್ದು ಯಾವಾಗಲೂ ಒಂದು ಕೈ ಕೆಳಗೆ. ದುಬಾರಿಗೆ ಮಾರುತ್ತಾನೆ ಎನ್ನಿಸಿಕೊಳ್ಳುವುದಕ್ಕಿಂತ ಕಡಿಮೆಗೆ ಮಾರುತ್ತಾನೆ ಎನ್ನಿಸಿಕೊಳ್ಳುವುದು ಕ್ಷೇಮ.

"ಕೂತ್ಕೊಳ್ಳಿ ಮೇಡಂ," ಎಂದು ಅವರು ಸ್ಟೂಲು ಎಳೆದರು. "ಟೀ ತರಿಸ್ಲಾ?"

"ಬೇಡಿ ಯಜಮಾನ್ರೇ. ಟೀ ಕುಡುದ್ರೆ ರೇಟು ಸಿಹಿಯಾಗೋಗುತ್ತೆ," ಎಂದರು ಭಾನುಮತಿ. "ತೊಗರಿಬೇಳೆ, ಬಿಡಿ, ಮಧ್ಯಮ ದರ್ಜೆ, ಒಂದು ಕೇಜಿ. ಎಷ್ಟಕ್ಕೆ ಕೊಡ್ತೀರಿ?"

ಅಂದು ನಿಜದ ಬೆಲೆ ನೂರ ಮೂವತ್ತೆಂಟು. "ನೂರ ಮೂವತ್ತಾರು," ಎಂದರು ವೃಷಭೇಂದ್ರಪ್ಪ. ಎರಡು ರೂಪಾಯಿ ದೊಡ್ಡ ಸುಳ್ಳಲ್ಲ, ರೂಢಿಯ ಸುಳ್ಳು.

ಕೆಲಸ ಏನೆಂದು ಭಾನುಮತಿ ಅಂದೇ ಬಿಡಿಸಿ ಹೇಳಿದ್ದರು. ದೇಶದಲ್ಲಿ ಬೆಲೆ ಎಷ್ಟು ಏರಿತು ಎಂದು ಸರ್ಕಾರ ತಿಂಗಳಿಗೊಮ್ಮೆ ಹೇಳುತ್ತದಲ್ಲ, ಆ ಅಂಕಿ ಆಕಾಶದಿಂದ ಉದುರುವುದಿಲ್ಲ. ಮನೆಮನೆಗೆ ಹೋಗಿ ಜನ ಏನು ತಿನ್ನುತ್ತಾರೆ, ಏನು ಉಡುತ್ತಾರೆ, ಯಾವುದಕ್ಕೆ ಎಷ್ಟು ಸುರಿಯುತ್ತಾರೆ ಎಂದು ಕೇಳಿ ಒಂದು ಬುಟ್ಟಿ ಮಾಡಿದ್ದಾರೆ. ಅಕ್ಕಿಯಿಂದ ಹಿಡಿದು ಆಟೋ ಬಾಡಿಗೆಯವರೆಗೆ ಅದರಲ್ಲಿ ಎಲ್ಲಕ್ಕೂ ಜಾಗ ಉಂಟು. ಹೆಚ್ಚು ಖರ್ಚಾಗುವುದಕ್ಕೆ ದೊಡ್ಡ ಜಾಗ, ಕಡಿಮೆಯದಕ್ಕೆ ಚಿಕ್ಕದು. ಆ ಬುಟ್ಟಿಯ ಬೆಲೆಯನ್ನು ಪ್ರತಿ ತಿಂಗಳೂ ಅದೇ ಅಂಗಡಿಯಲ್ಲಿ, ಅದೇ ಮಾಲಿಗೆ, ಅದೇ ಅಳತೆಗೆ ಕೇಳಿ ಬರೆಯಬೇಕು. ನಮ್ಮ ಬೀದಿಗೆ ಎರಡನೇ ಬುಧವಾರ. ಸಾವಿರಾರು ಬೀದಿಗಳಿಂದ ಹೀಗೆ ಹೋದದ್ದೆಲ್ಲ ಒಂದೆಡೆ ಸೇರಿ ಟೀವಿಯಲ್ಲಿ ಶೇಕಡ ಇಷ್ಟು ಎಂದು ಹೊರಬರುತ್ತದೆ.

"ದಂಡ ಹಾಕೋ ಅಧಿಕಾರ ಇದೆಯಾ?" ಎಂದು ಕೇಳಿದ್ದರು ವೃಷಭೇಂದ್ರಪ್ಪ.

"ಇಲ್ಲ."

"ಸೀಜ್ ಮಾಡೋದು?"

"ನನ್ನ ಚೀಲಾನೇ ಹೊರೋಕಾಗಲ್ಲ, ನಿಮ್ಮ ಮೂಟೆ ಎಲ್ಲಿ ಹೊತ್ಕೊಂಡೋಗ್ಲಿ?"

ವೃಷಭೇಂದ್ರಪ್ಪ ನಕ್ಕರು, ನಂಬಲಿಲ್ಲ. ಅಧಿಕಾರ ಇಲ್ಲ ಎಂದು ಹೇಳುವ ಸರ್ಕಾರಿ ಜನರನ್ನು ಅವರು ಹೆಚ್ಚು ಅನುಮಾನಿಸುತ್ತಿದ್ದರು.

ನಿಜ ಹೇಳಬೇಕೆಂದರೆ ಭಾನುಮತಿ ಸರ್ಕಾರದವರೂ ಅಲ್ಲ. ಒಂದು ವರ್ಷದ ಗುತ್ತಿಗೆ. ಇಲವಾಲದ ಬೇಸಾಯದ ಮನೆಯ ಮಗಳು, ಬಿಕಾಂ ಓದಿ ವಿಜಯನಗರ ಬಡಾವಣೆಗೆ ಸೊಸೆಯಾಗಿ ಬಂದವರು. ಗಂಡ ಶಿವಪ್ರಕಾಶ್‌ಗೆ ಎರಡು ವರ್ಷದ ಹಿಂದೆ ಬೆನ್ನುಮೂಳೆಯ ಆಪರೇಷನ್ ಆಗಿ ವ್ಯಾನ್ ಓಡಿಸುವುದು ನಿಂತಿತ್ತು. ಮನೆ ನಡೆಯುತ್ತಿದ್ದದ್ದು ಈ ಗುತ್ತಿಗೆಯಿಂದ. ಇದನ್ನು ಅವರು ಯಾರ ಅಂಗಡಿಯಲ್ಲೂ ಹೇಳಿಕೊಂಡವರಲ್ಲ. ಹೂ ಕಟ್ಟುವವರ ಹತ್ತಿರ ಯಾವ ಸುದ್ದಿಯೂ ಬಹಳ ದಿನ ಗುಟ್ಟಾಗಿ ಉಳಿಯುವುದಿಲ್ಲ, ಅಷ್ಟೆ.

ಕೆಲಸದಲ್ಲಿ ಮಾತ್ರ ಆಕೆ ಖಾಯಂ ನೌಕರರನ್ನೂ ಮೀರಿಸುವವರು. ಗಡ್ಡ ಹೆರೆಯುವ ರೇಟು ಬೀದಿಯ ಗಂಡಸರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಬಾಯಿಮಾತಿನ ರೇಟನ್ನು ಬರೆದುಕೊಂಡು ಹೋಗುವ ಪೈಕಿಯಲ್ಲ. ಪಕ್ಕದಲ್ಲಿ ನಿಂತು, ಒಬ್ಬ ಗಿರಾಕಿ ದುಡ್ಡು ಕೊಡುವುದನ್ನು ಕಣ್ಣಾರೆ ಕಂಡ ಮೇಲೆಯೇ ಬೆರಳು ಟ್ಯಾಬ್ಲೆಟ್ಟಿನ ಮೇಲೆ ಇಳಿಯುತ್ತಿತ್ತು. ಬಿಸ್ಕತ್ತಿನ ಪೊಟ್ಟಣದ ಬೆಲೆ ಹತ್ತೇ ರೂಪಾಯಿ ಇದ್ದು ಒಳಗಿನ ತೂಕ ಇಳಿದಿದ್ದರೆ ಅದನ್ನು ಕನ್ನಡಕ ಏರಿಸಿ ಓದಿ ಬರೆಯುತ್ತಿದ್ದರು.

ಹೂವಿನ ಪ್ರಕರಣವೇ ಸಾಕು. ಪುಟ್ಟಮಾದಮ್ಮ ಮಲ್ಲಿಗೆಯನ್ನು ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ಮೊಳ ಎಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗೆ. ಆಕೆಯ ಕೈ ಉದ್ದ. ಒಂದು ತಿಂಗಳು ಮಂಡಿನೋವೆಂದು ಸೊಸೆ ವಾಣಿಯನ್ನು ಕೂರಿಸಿದರು. ಮೊಳಕ್ಕೆ ಮೂವತ್ತು ರೂಪಾಯಿ, ಹೋದ ತಿಂಗಳಂತೆಯೇ. ಭಾನುಮತಿ ಚೀಲದಿಂದ ಟೇಪು ತೆಗೆದರು.

"ಏನಕ್ಕ, ಬ್ಲೌಸ್ ಹೊಲಿತೀರಾ?" ಎಂದಳು ವಾಣಿ.

"ಕೈ ಚಾಚು ತಾಯಿ." ಅಳೆದು ನೋಡಿದರು. "ಎರಡೂವರೆ ಇಂಚು ಕಮ್ಮಿ ಇದೆ ನಿಮ್ಮತ್ತೆಗಿಂತ. ಮೂವತ್ತೇ ರೂಪಾಯಿ, ಆದ್ರೆ ಹೂವು ಕಮ್ಮಿ. ಅಂದ್ರೆ ರೇಟು ಏರಿದೆ."

ಮಂಡಿ ನೀವಿಕೊಳ್ಳುತ್ತ ಕೂತಿದ್ದ ಪುಟ್ಟಮಾದಮ್ಮ ಹೇಳಿದರು: "ಕೈಗೆ ಎಣ್ಣೆ ಆಕಿ ಎಳುದ್ರೂ ಅದು ಉದ್ದಾಗಕಿಲ್ಲ ಕಣವ್ವ. ಮಗನ್ ಮದ್ವೆ ಮುಂಚೇನೇ ಟೇಪ್ ಇಡ್ಕಂಡು ಓಗಬೇಕಿತ್ತು ನಾನು."

"ಅತ್ತೆ ಕೈ ಉದ್ದ ಇರೋದು ಹೂವಿಗೊಂದೇ ಅಲ್ಲಕ್ಕ," ಎಂದಳು ವಾಣಿ. "ನನ್ನ ತಲೆ ಮೇಲೆ ಮೊಟಕೋಕೂ ಅಲ್ಲಿಂದ್ಲೇ ಎಟುಕುತ್ತೆ."

ಬೀದಿಯೆಲ್ಲ ನಕ್ಕಿತು. ಆ ಎರಡೂವರೆ ಇಂಚು ದೇಶದ ಲೆಕ್ಕಕ್ಕೆ ಹೋಯಿತು. ಇಷ್ಟು ಕಟ್ಟುನಿಟ್ಟಿನ ಹೆಂಗಸು ಒಂದೇ ಒಂದು ಅಂಗಡಿಯಲ್ಲಿ ಟೇಪು ತೆಗೆಯಲಿಲ್ಲ, ಗಿರಾಕಿಗೆ ಕಾಯಲಿಲ್ಲ. ಅದು ವೃಷಭೇಂದ್ರಪ್ಪನವರದು. ಕಾರಣ, ಇಲವಾಲದಿಂದ ಅವರ ತಂದೆ ಗಾಡಿ ಕಟ್ಟಿಕೊಂಡು ಬಂದು ಯುಗಾದಿಯ ಬೆಲ್ಲ, ಬೇಳೆ ಕೊಳ್ಳುತ್ತಿದ್ದದ್ದು ಆ ಅಂಗಡಿಯಲ್ಲೇ. 'ಅವ್ರ ತಕ್ಕಡಿ ನಮ್ಮಪ್ಪನಿಗಿಂತ ನಿಯತ್ತು' ಎಂದು ತಂದೆ ಹೇಳುತ್ತಿದ್ದರಂತೆ. ತಕ್ಕಡಿ ನಿಯತ್ತಿನದೇ. ಬಾಯಿಯ ವಿಷಯ ತಂದೆ ಏನೂ ಹೇಳಿರಲಿಲ್ಲ.

ತಿಂಗಳುಗಳು ಉರುಳಿದವು. ಬೇಳೆ ಏರುತ್ತ ಹೋಯಿತು. ವೃಷಭೇಂದ್ರಪ್ಪನವರ ಸರ್ಕಾರಿ ರೇಟು ಮಾತ್ರ ಏರಲು ನಾಚಿಕೊಂಡಿತು. ಸರ್ಕಾರದವರ ಮುಂದೆ ಬೆಲೆ ಏರಿಸುವುದುಂಟೇ? ನೂರ ಮೂವತ್ತಾರು, ನೂರ ಮೂವತ್ತಾರು, ಮಧ್ಯೆ ಧೈರ್ಯ ಮಾಡಿ ನೂರ ಮೂವತ್ತೆಂಟು, ಅಲ್ಲಿಗೇ ನಿಂತಿತು. ಹೀಗೆ ಹನ್ನೊಂದು ಬುಧವಾರ.

ಹನ್ನೆರಡನೇ ಬುಧವಾರ ಭಾನುಮತಿ ಬಂದಾಗ ವೃಷಭೇಂದ್ರಪ್ಪ ಹುರುಪಿನಲ್ಲಿದ್ದರು. ಹಿಂದಿನ ಸಂಜೆ ಟೀವಿಯಲ್ಲಿ ಬೆಲೆಯೇರಿಕೆಯ ಅಂಕಿ ಬಂದಿತ್ತು.

"ಎರಡು ಪರ್ಸೆಂಟೂ ಇಲ್ವಂತೆ ಮೇಡಂ. ಅದ್ರಲ್ಲೂ ಬೇಳೆ ಅಷ್ಟೇನೂ ಏರಿಲ್ವಂತೆ. ಇವ್ರು ಯಾವ ಲೋಕದಲ್ಲಿ ಬೇಳೆ ತಗೋತಾರೋ ಕಾಣೆ."

"ಈ ಲೋಕದಲ್ಲೇ ಯಜಮಾನ್ರೇ," ಎಂದರು ಭಾನುಮತಿ. "ಈ ಬೀದೀಲಿ ತೊಗರಿಬೇಳೆ ರೇಟು ತಗೊಳ್ಳೋದು ನಿಮ್ಮೊಬ್ರ ಅಂಗಡೀಲೇ."

ವೃಷಭೇಂದ್ರಪ್ಪ ಡಬ್ಬಿಗಳ ಕಡೆ ತಿರುಗಿ ಯಾವುದೋ ಮುಚ್ಚಳ ಸರಿಮಾಡಿದರು. ಅಷ್ಟರಲ್ಲಿ ಜಗಲಿಯ ಪಕ್ಕದಿಂದ ಪುಟ್ಟಮಾದಮ್ಮ ಎದ್ದು ಬಂದರು, ಕೈಯಲ್ಲಿ ಬಟ್ಟೆಚೀಲ.

"ಅರ್ಧ ಕೇಜಿ ಬೇಳೆ ಆಕ್ಕೊಡಿ ಸಾವ್ಕಾರ್ರೇ."

"ಆಮೇಲೆ ಬಾರಮ್ಮ. ಮೇಡಂ ಇದ್ದಾರೆ."

"ಮೇಡಮ್ಮೋರು ನಿಮ್ ಬೇಳೆ ತಗಳಕ್ಕಿಲ್ವಲ್ಲ, ತಗಳೋಳು ನಾನು ಬಂದಿವ್ನಿ."

"ಅಯ್ಯೋ, ಐದು ನಿಮಿಷ ಬಿಟ್ಟು ಬಾರಮ್ಮ ಅಂದ್ರೆ."

"ವಾಣಿ ಒಲೆ ಮ್ಯಾಲೆ ಎಸರಿಟ್ಟವಳೆ, ಅದು ನಿಮ್ ಐದ್ ನಿಮಿಷ ಕೇಳದಾ? ಮೊನ್ನೆ ಎಪ್ಪತ್ತಾರು ತಗಂಡ್ರಲ್ಲ ಅರ್ಧ ಕೇಜಿಗೆ, ಅಷ್ಟೇ ತಾನೆ? ಇಲ್ಲ ಅದ್ಕೂ ರೆಕ್ಕೆ ಬಂತಾ?"

ಅರ್ಧಕ್ಕೆ ಎಪ್ಪತ್ತಾರು ಎಂದರೆ ಕೇಜಿಗೆ ನೂರ ಐವತ್ತೆರಡು. ಅಂಗಡಿಯಲ್ಲಿದ್ದ ಮೂವರಿಗೂ ಲೆಕ್ಕ ಬರುತ್ತಿತ್ತು. ವೃಷಭೇಂದ್ರಪ್ಪ ಬೇಳೆ ತೂಗಿದರು. ಜನ್ಮದಲ್ಲಿ ಮೊದಲ ಸಲ ತಕ್ಕಡಿಯ ಮುಳ್ಳು ನೋಡದೆ ತೂಗಿದರು. ಪುಟ್ಟಮಾದಮ್ಮ ದುಡ್ಡು ಎಣಿಸಿಟ್ಟು ಹೋದರು.

ಭಾನುಮತಿ ಕೂಗಾಡಲಿಲ್ಲ. ಟ್ಯಾಬ್ಲೆಟ್ಟನ್ನು ತೊಡೆಯ ಮೇಲೆ ಮಗುಚಿಟ್ಟರು.

"ಯಾವಾಗ್ನಿಂದ ಯಜಮಾನ್ರೇ?"

"ಏನು ಯಾವಾಗ್ನಿಂದ?"

"ನಮ್ಮಪ್ಪ ಬೇಳೆ ತಗೋತಿದ್ದ ಅಂಗಡಿ ಅಂತ ನಾನು ಕಾಯ್ತಾ ನಿಲ್ಲಲಿಲ್ಲ. ಬೇರೆ ಎಲ್ಲಾ ಕಡೆ ನಿಂತಿದ್ದೀನಿ."

ವೃಷಭೇಂದ್ರಪ್ಪ ಗಲ್ಲಾ ಮುಚ್ಚಿ ಕೂತರು. ಎಲ್ಲವನ್ನೂ ಹೇಳಿದರು: ತಂದೆಯ ಕಾಲದ ದಾಳಿ, ಎರಡು ರೂಪಾಯಿಯಿಂದ ಶುರುವಾಗಿ ಹದಿನಾಲ್ಕು ರೂಪಾಯಿಗೆ ಬೆಳೆದು ನಿಂತ ರೂಢಿ. ಹೇಳಿ ಮುಗಿಸಿ, ವ್ಯಾಪಾರಿಯಾದ್ದರಿಂದ, ಪರಿಹಾರವನ್ನೂ ತಾವೇ ಸೂಚಿಸಿದರು.

"ಈ ತಿಂಗಳು ನೂರ ನಲವತ್ತೊಂದು ಹಾಕ್ಕೊಳಿ. ಮುಂದಿನ ತಿಂಗಳು ನಲವತ್ತೈದು. ಆಮೇಲೆ ನಲವತ್ತೊಂಬತ್ತು. ದೀಪಾವಳಿ ಹೊತ್ಗೆ ಸದ್ದಿಲ್ದೆ ಸರಿಹೋಗುತ್ತೆ. ಯಾರ್ಗೂ ತೊಂದ್ರೆ ಇಲ್ಲ."

ಆ ಹಂಚಿಕೆಯಲ್ಲಿ ತಪ್ಪು ಹುಡುಕುವುದು ಕಷ್ಟ. ನಮ್ಮ ಬೀದಿಯ ಯಾವ ಅಂಗಡಿಯವನೂ ಅದಕ್ಕಿಂತ ಚೆನ್ನಾಗಿ ಯೋಚಿಸಲಾರ.

"ಅದು ಎರಡನೇ ಸುಳ್ಳು," ಎಂದರು ಭಾನುಮತಿ. "ಮೊದಲನೇದು ನಿಮ್ದು. ಇದು ನಂದಾಗುತ್ತೆ."

"ನೂರ ಐವತ್ತೆರಡು ಹಾಕುದ್ರೆ ನಿಮ್ಗೇನಾದ್ರೂ ತೊಂದ್ರೆ ಇದೆಯಾ?"

ಭಾನುಮತಿ ಇದ್ದದ್ದನ್ನು ಹೇಳಿದರು. ಒಂದು ತಿಂಗಳಲ್ಲಿ ಬೇಳೆ ಹದಿನಾಲ್ಕು ರೂಪಾಯಿ ಜಿಗಿದರೆ ಟ್ಯಾಬ್ಲೆಟ್ಟು ಕೆಂಪಾಗಿ ಕಾರಣ ಕೇಳುತ್ತದೆ. ಮೇಲ್ವಿಚಾರಕರು ಬರುತ್ತಾರೆ. ಅಂಗಡಿಗೆ ಹೋಗದೆ ಮನೆಯಲ್ಲೇ ಕೂತು ಹಳೆಯ ರೇಟು ಬರೆದವರು ಹಿಂದೆ ಸಿಕ್ಕಿಬಿದ್ದಿದ್ದಾರೆ. ತಾವೂ ಹಾಗೆಯೇ ಮಾಡಿದ್ದೆಂದು ಅನುಮಾನ ಬರುವುದು ಸಹಜ. ಈ ತಿಂಗಳ ಕೊನೆಗೆ ಗುತ್ತಿಗೆ ಮುಗಿಯುತ್ತದೆ. ಮುಂದುವರಿಸಬೇಕೋ ಬೇಡವೋ ಎಂದು ಬರೆಯುವವರೂ ಅದೇ ಮೇಲ್ವಿಚಾರಕರು.

"ಹಾಗಿದ್ಮೇಲೆ ನಲವತ್ತೊಂದು ಹಾಕಿ ತಾಯಿ," ಎಂದರು ವೃಷಭೇಂದ್ರಪ್ಪ. ಮೇಡಂ ಹೋಗಿ ತಾಯಿ ಬಂದದ್ದು ಅವರಿಗೇ ತಿಳಿಯಲಿಲ್ಲ. "ಹೊಟ್ಟೆಪಾಡು ನೋಡ್ಕೊಳಿ. ಒಂದು ಅಂಗಡಿ ಬೇಳೆಯಿಂದ ದೇಶ ಮುಳುಗುತ್ತಾ?"

"ಬ್ಯಾಂಕಿನ ಬಡ್ಡಿ ಏರಿಸ್ಬೇಕೋ ಇಳಿಸ್ಬೇಕೋ ಅಂತ ರಿಸರ್ವ್ ಬ್ಯಾಂಕಿನವ್ರು ನೋಡೋದು ಈ ಅಂಕಿನೇ. ದೇಶ ಮುಳುಗಲ್ಲ, ಸರಿ. ಆದ್ರೆ ಎಲ್ಲಾ ಬೀದೀಲೂ ಒಬ್ಬೊಬ್ಬ ವೃಷಭೇಂದ್ರಪ್ಪನವ್ರು ಇದ್ರೆ? ನೀವೇ ಟೀವಿ ಮುಂದೆ ಕೂತು, ಇದಕ್ಕೆ ತಲೆಬುಡ ಇಲ್ಲ ಅಂತೀರಿ. ತಲೇನೂ ನಿಮ್ದೇ, ಬುಡಾನೂ ನಿಮ್ದೇ."

ಹೀಗೆಂದು ಭಾನುಮತಿ ಟ್ಯಾಬ್ಲೆಟ್ಟು ತಿರುಗಿಸಿ ನೂರ ಐವತ್ತೆರಡು ಎಂದು ಒತ್ತಿದರು. ಅದು ಕೆಂಪಾಯಿತು. ಕಾರಣದ ಜಾಗದಲ್ಲಿ ಬರೆದದ್ದನ್ನು ವೃಷಭೇಂದ್ರಪ್ಪ ಕತ್ತು ಚಾಚಿ ಓದಿದರು: 'ಹಿಂದಿನ ತಿಂಗಳುಗಳ ದರ ನಿಜದ ಮಾರಾಟದ ದರವಲ್ಲ. ಗಿರಾಕಿ ಕೊಳ್ಳುವುದನ್ನು ನೋಡಿ ನಾನು ಖಚಿತಪಡಿಸಿಕೊಂಡಿರಲಿಲ್ಲ.' ಅಂಗಡಿಯವರು ಸುಳ್ಳು ಹೇಳಿದರು ಎಂಬ ಮಾತು ಎಲ್ಲೂ ಇರಲಿಲ್ಲ. ತಪ್ಪಿನ ಮೂಟೆಯನ್ನು ಆಕೆ ಒಬ್ಬರೇ ಹೊತ್ತುಕೊಂಡು ಮೆಟ್ಟಿಲಿಳಿದರು.

ವೃಷಭೇಂದ್ರಪ್ಪನವರಿಗೆ ಮಧ್ಯಾಹ್ನದ ಮುದ್ದೆ ಇಳಿಯಲಿಲ್ಲ. ಪ್ರೇಮಲೀಲಾ, ಅವರ ಹೆಂಡತಿ, ಏನಾಯಿತೆಂದು ಕೇಳಿ ತಿಳಿದುಕೊಂಡರು.

"ಅಲ್ರೀ, ಅವ್ರು ಬಂದು ಕೇಳುದ್ರೆ ಏನಂತೀರಿ?"

"ಅದೇ ಯೋಚ್ನೆ. ನಾನು ಮೊದ್ಲಿಂದ್ಲೂ ಸರಿಯಾಗೇ ಹೇಳ್ತಿದ್ದೆ ಅಂದ್ರೆ ನಾನು ಪಾರು."

"ಆಯಮ್ಮ?"

ವೃಷಭೇಂದ್ರಪ್ಪ ಮಜ್ಜಿಗೆ ಕುಡಿದರು.

"ತೂಕದಲ್ಲಿ ಒಂದು ಕಾಳು ಕಮ್ಮಿ ಆದ್ರೆ ಗಿರಾಕೀನ ವಾಪಸ್ ಕರೀತೀರಿ," ಎಂದರು ಪ್ರೇಮಲೀಲಾ, ತಟ್ಟೆ ಎತ್ತುತ್ತ. "ಇಷ್ಟು ದಿನ ಅದೊಂದಕ್ಕೆ ನಿಮ್ಮನ್ನ ಸಹಿಸ್ಕೊಂಡಿದ್ದು ನಾನು."

ಸೋಮವಾರ ಮೇಲ್ವಿಚಾರಕ ಮಹಾಂತೇಶ್ ಬಂದರು. ಮೂವತ್ತು ದಾಟದ ಹುಡುಗ, ಮುಖದಲ್ಲಿ ನಗುವಿಲ್ಲ, ಸಿಟ್ಟೂ ಇಲ್ಲ, ಕಾನೂನಿನ ಮನುಷ್ಯ. ಜೊತೆಯಲ್ಲಿ ಭಾನುಮತಿ. ಆಕೆಯನ್ನು ಅವರು ಮೆಟ್ಟಿಲ ಕೆಳಗೇ ನಿಲ್ಲಿಸಿದರು. ಅಂಗಡಿಯವರ ಮುಖ ನೋಡಿ ಸನ್ನೆ ಮಾಡದಿರಲಿ ಎಂದಿರಬೇಕು.

"ಎರಡೇ ಪ್ರಶ್ನೆ ಸರ್," ಎಂದರು ಮಹಾಂತೇಶ್. "ಈ ಮೇಡಂ ಪ್ರತಿ ತಿಂಗಳು ನಿಮ್ಮ ಅಂಗಡಿಗೆ ಬರ್ತಿದ್ರಾ? ಬಂದಿದ್ರೆ, ಹೋದ ತಿಂಗಳು ಬೇಳೆ ರೇಟು ಎಷ್ಟು ಹೇಳಿದ್ರಿ?"

ಎದುರಿನ ಬಟ್ಟೆ ಅಂಗಡಿಗಳಲ್ಲಿ ಮಡಿಸುತ್ತಿದ್ದ ಬಟ್ಟೆ ಹಾಗೇ ನಿಂತಿತು. ಪುಟ್ಟಮಾದಮ್ಮನ ಬೆರಳಲ್ಲಿ ದಾರ ನಿಂತಿತು. ವೃಷಭೇಂದ್ರಪ್ಪನವರು ಕೆಳಗೆ ನಿಂತಿದ್ದ ಹೆಂಗಸನ್ನು ನೋಡಿದರು. ಆಕೆ ಇವರ ಕಡೆ ನೋಡುತ್ತಿರಲಿಲ್ಲ. ಶೂ ಲೇಸು ಬಿಚ್ಚಿಹೋಗಿತ್ತು, ಬಗ್ಗಿ ಕಟ್ಟಿಕೊಳ್ಳುತ್ತಿದ್ದರು.

"ಹನ್ನೆರಡು ತಿಂಗಳು, ಹನ್ನೆರಡು ಸಲ ಬಂದಿದ್ದಾರೆ," ಎಂದರು ವೃಷಭೇಂದ್ರಪ್ಪ. "ಟೀ ಕೂಡ ಕುಡಿದವ್ರಲ್ಲ. ಹೋದ ತಿಂಗಳು ನಾನು ಹೇಳಿದ್ದು ನೂರ ಮೂವತ್ತೆಂಟು. ಮಾರಿದ್ದು ನೂರ ಐವತ್ತೊಂದು. ಸುಳ್ಳು ಹೇಳಿದ್ದು ನಾನು. ಸರ್ಕಾರದವ್ರು ಅಂತ ಹೆದ್ರಿಕೊಂಡು ಹೇಳ್ದೆ."

"ಹನ್ನೊಂದು ತಿಂಗಳೂ?"

"ಒಂದ್ಸಲ ಶುರು ಮಾಡುದ್ರೆ ನಿಲ್ಸೋದು ಹೆಂಗೆ ಸ್ವಾಮಿ?"

"ಮೋಸ ಹೋಗೋಂಗೆ ಸುಳ್ಳೇಳದು ನಮ್ ಸಾವ್ಕಾರ್ರಿಗೆ ಬರಕ್ಕಿಲ್ಲ ಬುಡಿ ಸಾಮಿ," ಎಂದು ಪುಟ್ಟಮಾದಮ್ಮ ಕೂತಲ್ಲಿಂದಲೇ ಸಾಕ್ಷಿ ನುಡಿದರು. "ಒಂದು ಮುದ್ಕಿ ಬಂದು ಬೇಳೆ ಕೇಳುದ್ರೆ ಸಿಕ್ಕಾಕ್ಕಂಡ್ರು."

ವೃಷಭೇಂದ್ರಪ್ಪ ಗಲ್ಲಾದ ಹಿಂದಿನಿಂದ ಒಂದು ಕಟ್ಟು ತಂದಿಟ್ಟರು. ಭಾನುವಾರವಿಡೀ ಕೂತು, ಎರಡನೇ ಬುಧವಾರಗಳ ಬಿಲ್ಲಿನ ಕಾರ್ಬನ್ ಪ್ರತಿಗಳನ್ನು ಹುಡುಕಿ ತೆಗೆದಿದ್ದರು. ಪ್ರತಿಯೊಂದರಲ್ಲೂ ತೊಗರಿಬೇಳೆಯ ಸಾಲಿಗೆ ಪೆನ್ಸಿಲ್ ಗುರುತು. ಮಹಾಂತೇಶ್ ಒಂದೊಂದನ್ನೂ ನೋಡಿ ಫೋಟೋ ತೆಗೆದುಕೊಂಡರು. ಪ್ರಕಟವಾದ ಅಂಕಿ ಇನ್ನು ಬದಲಾಗುವುದಿಲ್ಲ, ಈ ಜಿಗಿತಕ್ಕೆ ಕಾರಣವೆಂದು ಬಿಲ್ಲುಗಳನ್ನು ಮೇಲಕ್ಕೆ ಕಳಿಸುತ್ತೇನೆ ಎಂದರು. ನಂತರ ಮೆಟ್ಟಿಲ ಕಡೆ ತಿರುಗಿ, "ಮೇಡಂ, ನೀವು ಕಾಯದೇ ಇದ್ದದ್ದು ತಪ್ಪೇ. ಅದನ್ನ ನಾನು ಬರೀಲೇಬೇಕು," ಎಂದರು.

"ಬರೀರಿ ಸಾರ್," ಎಂದರು ಭಾನುಮತಿ. "ನಾನೂ ಅದನ್ನೇ ಬರ್ದಿದ್ದೀನಿ."

ಬರೆದದ್ದರ ಫಲವಾಗಿ ಗುತ್ತಿಗೆ ಮುಂದುವರಿಯಿತು. ಒಂದು ವರ್ಷಕ್ಕಲ್ಲ, ಆರು ತಿಂಗಳಿಗೆ. ಜೊತೆಗೆ ಒಂದು ಆದೇಶ: ಅವರ ಪಟ್ಟಿಯ ಪ್ರತಿ ಅಂಗಡಿಯ ದರವನ್ನೂ ಬಿಲ್ಲು ನೋಡಿ ಹೊಸದಾಗಿ ಖಚಿತಪಡಿಸಬೇಕು. ಒಂದು ವಾರ ಭಾನುಮತಿ ಬೆಳಿಗ್ಗೆಯಿಂದ ಸಂಜೆಯವರೆಗೆ ಮೊಹಲ್ಲಾ ಸುತ್ತಿದರು. ವೃಷಭೇಂದ್ರಪ್ಪನವರು ಅಂಗಡಿಯಿಂದ ಇಳಿದು ಅಕ್ಕಪಕ್ಕದವರಿಗೆಲ್ಲ, "ನಿಜ ಹೇಳ್ರಪ್ಪ, ಏನೂ ಆಗಲ್ಲ. ನಾನೇ ಹೇಳಿ ಬದುಕಿದ್ದೀನಿ," ಎಂದು ಸಾರಿದರು. ಎರಡು ರೂಪಾಯಿ, ಐದು ರೂಪಾಯಿ, ಎಂಟು ರೂಪಾಯಿ ಎಂದು, ಆಕೆ ಪಕ್ಕದಲ್ಲಿ ನಿಂತಷ್ಟು ಹೊತ್ತು ಮಾತ್ರ ಗಿರಾಕಿಗೂ ಹೇಳುತ್ತಿದ್ದ ರೂಢಿಯ ಸುಳ್ಳುಗಳು ಒಂದೊಂದಾಗಿ ಹೊರಬಂದವು. ಯಾರನ್ನೂ ಆಕೆ ಬೈಯಲಿಲ್ಲ. ಎಲ್ಲರಿಗೂ ಒಂದೇ ಮಾತು: "ಬಿಲ್ಲು ತೋರ್ಸಿ, ಸಾಕು."

ಎದುರು ಸಾಲಿನ ಬಟ್ಟೆ ಅಂಗಡಿಗೂ ಬಂದರು. 'ಒಂದೇ ದರ' ಎಂದು ಬೋರ್ಡು ನೇತುಹಾಕಿದ ಅಂಗಡಿ ಅದು, ನನ್ನದು. ಸ್ನಾನದ ಟವೆಲಿಗೆ ಹನ್ನೆರಡು ತಿಂಗಳೂ ನಾನು ಅವರಿಗೆ ಹೇಳಿದ್ದು ಚೀಟಿಯ ಮೇಲಿನ ಇನ್ನೂರ ನಲವತ್ತು. ಆಕೆ ನಿಂತಿದ್ದಾಗ ಗಿರಾಕಿಯಿಂದ ಅಷ್ಟೂ ತೆಗೆದುಕೊಂಡು, ಆಕೆ ಇಳಿದ ಮೇಲೆ ಐವತ್ತು ವಾಪಸ್ ಕೊಡುತ್ತಿದ್ದೆ; ಚೌಕಾಸಿಯ ನಂತರ ಮಾರಿದ್ದು ನೂರ ತೊಂಬತ್ತಕ್ಕೆ. ಈಗ ನೂರ ತೊಂಬತ್ತು ಬರೆದುಕೊಂಡು ಹೋಗಿದ್ದಾರೆ. ಹಿಂದಿನ ಹನ್ನೆರಡು ತಿಂಗಳ ನಿಜದ ರೇಟು ಭಾನುಮತಿಯವರಿಗೆ ನಾನು ಕೊಡಬೇಕಿತ್ತು, ಕೊಡಲಿಲ್ಲ. ಅದು ನನ್ನ ಬಾಕಿ.